ಹೊಳೆಬದನೆ ಕಾಯಿ ಕಟ್ಟುವುದಿಲ್ಲ

ಜನವರಿ ೮

ಮನೆಯೊಡತಿಯ ಬಾಯಿಗೆ ಬೀಗವಿಲ್ಲ. ನಾನಿನ್ನೂ ಪೆಟ್ಟಿಗೆ ಕೆಳಗಿಟ್ಟಿರಲಿಲ್ಲ, ಅಷ್ಟರಲ್ಲೇ ಅವಳ ಮೊಣಕಾಲು ನೋವು, ಎದುರುಮನೆ ನಾಯಿಯ ಕಾಟ, ಮದುವೆಯಾಗಿ ಹೋದ ಮಗಳ ಅತ್ತೆಯ ಸ್ವಭಾವ ಎಲ್ಲವೂ ಕಿವಿಗೆ ಬಿದ್ದಾಗಿತ್ತು. ಕೆಳಗೆ ಅವಳ ಹೊಲಿಗೆ ಅಂಗಡಿ. ಮೇಲೆ ನನ್ನ ಕೋಣೆ: ಮಂಚ, ಸೊಳ್ಳೆಪರದೆ, ಸ್ಟೌ, ಉತ್ತರದ ಕಿಟಕಿಯ ಕೆಳಗೊಂದು ಮೇಜು. ಚಿತ್ರ ಬರೆಯುವವರಿಗೆ ಉತ್ತರದ ಬೆಳಕು ಸಿಕ್ಕರೆ ಉಳಿದದ್ದನ್ನು ಹೇಗೋ ಸಹಿಸಿಕೊಳ್ಳಬಹುದು.

“ಏನ್ ಕೆಲಸ ಮಾಡ್ತೀರಿ?” ಅಂದಳು.

“ಗಿಡದ ಚಿತ್ರ ಬರೀತೀನಿ.”

“ಅದಕ್ಕೆ ಇಷ್ಟು ದೂರ ಬರ್ಬೇಕಾ? ನಿಮ್ಮ ಕಡೆ ಗಿಡ ಇಲ್ವಾ?”

“ಈ ಗಿಡ ಈ ಹೊಳೆ ದಂಡೇಲಿ ಮಾತ್ರ ಇದೆ.”

“ಒಬ್ಬರೇನಾ ಬಂದಿರೋದು?”

“ಒಬ್ಬಳೇ.”

ಅಲ್ಲಿಗೆ ನನ್ನ ವಾರದ ಮಾತೆಲ್ಲ ಖರ್ಚಾಯಿತು. ಜನ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದು ಅಕ್ಕನ ಪಾಲಿಗಿತ್ತು. ಗಿಡ ಹುಡುಕುವವಳು ಅವಳು, ವಿವರ ಬರೆಯುವವಳು ಅವಳು, ಬಸ್ಸಿನವನ ಜೊತೆ ಜಗಳವಾಡುವವಳೂ ಅವಳೇ. ನಾನು ಬಣ್ಣದ ಪೆಟ್ಟಿಗೆ ಹಿಡಿದು ಅವಳ ಬೆನ್ನ ಹಿಂದೆ ನಿಂತರೆ ಸಾಕಿತ್ತು. ಕಳೆದ ಮೇ ತಿಂಗಳಲ್ಲಿ ಅವಳು ತೀರಿಹೋದ ಮೇಲೆ ಎದುರಿಗೆ ಬೆನ್ನೇ ಇಲ್ಲ.

“ಕೆಲಸ ಮಾಡುವಾಗ ಬಾಗಿಲು ತಟ್ಟಬೇಡಿ” ಎಂದು ಹೇಳಿದ್ದೇನೆ. ಮುಖ ಸಣ್ಣದು ಮಾಡಿಕೊಂಡು ಇಳಿದು ಹೋದಳು. ಒಳ್ಳೆಯದೇ ಆಯಿತು.

ಜನವರಿ ೯

ಗಿಡ ಸಿಕ್ಕಿತು. ಅಕ್ಕ ಬರೆದಿಟ್ಟ ಜಾಗದಲ್ಲೇ ಇದೆ. ದೋಣಿಕಟ್ಟೆಯಿಂದ ಮೇಲಕ್ಕೆ, ಹೊಳೆ ಬಾಗುವಲ್ಲಿ, ನೀರು ಇಳಿದು ಹೋದ ಕೆಸರಿನ ಅಂಚಿನಲ್ಲಿ. ಸೊಂಟದೆತ್ತರದ ಒಂದೇ ಒಂದು ಪೊದೆ. ಎಲೆಯ ಮೇಲೆ ಬೂದು ನುಣುಪು ರೋಮ, ಎಲೆಯ ಅಡಿ ನರದ ಮೇಲೆ ಮುಳ್ಳು. ಮುಟ್ಟಲು ಹೋದರೆ ಒಂದು ಕಡೆ ಮುದ್ದು, ಇನ್ನೊಂದು ಕಡೆ ಚುಚ್ಚು. ಅಕ್ಕನ ಹಾಗೇ.

ಬದನೆ, ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಗಳ ದೊಡ್ಡ ಕುಟುಂಬದಲ್ಲಿ ಇದು ಯಾರೂ ಲೆಕ್ಕಕ್ಕಿಡದ ದಾಯಾದಿ. ಜನರ ಬಾಯಲ್ಲಿ ಹೆಸರೂ ಇಲ್ಲ. ಹೊಳೆಬದನೆ ಎಂದು ಕರೆದವಳು ಅಕ್ಕ. ಅವಳ ಹೊಳೆದಂಡೆಯ ಗಿಡಗಳ ಪುಸ್ತಕದಲ್ಲಿ ಎಲ್ಲ ಚಿತ್ರಗಳೂ ಮುಗಿದು ಇದೊಂದು ಬಾಕಿ. ಒತ್ತಿ ಒಣಗಿಸಿದ ಹೂವು ನನ್ನ ಬಳಿ ಇತ್ತು, ಆದರೆ ಒಣಗಿದ ಮೇಲೆ ಇದರ ನೇರಳೆ ಬಣ್ಣ ಚಹಾದ ಕಲೆಯಂತಾಗುತ್ತದೆ. ನೋಡದ ಬಣ್ಣವನ್ನು ಹಚ್ಚುವುದಿಲ್ಲ ಎಂಬುದು ನಮ್ಮಿಬ್ಬರ ಕಟ್ಟುನಿಟ್ಟು. ಅದಕ್ಕೇ ಬಂದೆ.

ನಾನು ಮನೆಯಲ್ಲಿ ಉಳಿದ ಚಿತ್ರಗಳನ್ನು ಮುಗಿಸುತ್ತಿದ್ದಾಗ ಅಕ್ಕ ಒಬ್ಬಳೇ ಎರಡು ಚಳಿಗಾಲ ಆಚೆ ದಡದ ವಸತಿಗೃಹದಲ್ಲಿ ಉಳಿದು ಇದನ್ನು ನೋಡಿ ಹೋಗಿದ್ದಳು. ಈಗ ಆ ವಸತಿಗೃಹ ಮುಚ್ಚಿದೆ. ಅವಳ ವಿವರದ ಕೊನೆಯ ಸಾಲು ನನಗೆ ಬಾಯಿಪಾಠ: “ಹೊಳೆಬದನೆ ಕಾಯಿ ಕಟ್ಟುವುದಿಲ್ಲ, ಬೇರಿನಿಂದ ಮಾತ್ರ ಹಬ್ಬುತ್ತದೆ.” ಅಕ್ಕ ಹೀಗೇ ಬರೆಯುತ್ತಿದ್ದಳು. ‘ಇರಬಹುದು’, ‘ಅನಿಸುತ್ತದೆ’ ಎಂಬ ಮಾತುಗಳು ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಜನವರಿ ೧೧

ಹೂವು ಬೆಳಗ್ಗೆ ಅರಳುವುದೇ ತಡ, ಜೀರುಂಡೆಗಳು ಬಂದು ದಳ ತೂತು ಮಾಡಿಬಿಡುತ್ತವೆ. ನಾನು ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ ಹೂವು ಜರಡಿ. ಇದಕ್ಕೆ ನಮ್ಮ ಮನೆಮದ್ದು ಗೊತ್ತೇ ಇದೆ: ಮೊಗ್ಗಿನಲ್ಲೇ ತೆಳು ಬಲೆಯ ಚೀಲ ಕಟ್ಟಿಬಿಡುವುದು. ಅಕ್ಕ ಕಲಿಸಿದ್ದು. ಹೊಸ ಗಿಡ ಕಂಡಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸ ಚೀಲ ಕಟ್ಟುವುದು, ಎರಡನೆಯದು ನನಗೆ “ಬೇಗ ಬೇಗ” ಅನ್ನುವುದು.

ಅವಳ ಹಳೆಯ ಚೀಲ ಪೆಟ್ಟಿಗೆಯ ತಳದಲ್ಲಿತ್ತು. ತೆಗೆದು ಕೊಡವಿದರೆ ಒಳಗಿನಿಂದ ಒಣಗಿದ ಹೂಗಳು ತೊಟ್ಟಿನ ಸಮೇತ ಉದುರಿದವು. ಇದೇ ಗಿಡದವು. ಅವಳ ಕೈ ತಾಗಿದ ಹೂವು ಎಂದು ಒಂದನ್ನು ಎತ್ತಿಟ್ಟುಕೊಂಡೆ. ಚೀಲ ಮಾತ್ರ ಹರಿದು ಚಿಂದಿಯಾಗಿತ್ತು. ಅದಕ್ಕೆ ಮಂಚದ ಸೊಳ್ಳೆಪರದೆಯ ಒಂದು ಮಗ್ಗುಲು ಕತ್ತರಿಸಿ, ಗೂಟ ನೆಟ್ಟು, ಪೊದೆಗೇ ಗುಡಾರ ಹಾಕಿದೆ. ನೀರಿನ ಕಡೆಗೆ ಬಾಗಿ ಕೆಸರಿನಲ್ಲಿ ಹೊರಳುತ್ತಿದ್ದ ಒಂದು ಕೊಂಬೆ ಮಾತ್ರ ಹೊರಗುಳಿಯಿತು. ಎಲೆಯೆಲ್ಲ ಹುಳ ತಿಂದ ದರಿದ್ರ ಕೊಂಬೆ, ಅದರ ಚಿತ್ರ ಯಾರಿಗೆ ಬೇಕು?

ಸಂಜೆ ಮನೆಯೊಡತಿ ಪರದೆ ನೋಡಿ ಕೂಗಾಡಿದಳು.

“ಏನ್ರೀ ಇದು? ಸೊಳ್ಳೆ ಕಚ್ಚೋದು ನಿಮಗಾ ಹೂವಿಗಾ?”

ಹೊಸದು ತಂದುಕೊಡುತ್ತೇನೆ ಅಂದೆ. “ಹೊಸದು ಬೇಡ, ಆ ತುಂಡು ವಾಪಸ್ ತನ್ನಿ, ಹೊಲ್ದು ಕೂರಿಸ್ತೀನಿ” ಎಂದು ಪಟ್ಟು ಹಿಡಿದಳು. ರಾತ್ರಿ ಸೊಳ್ಳೆಗಳು ಅವಳ ಪರವಾಗಿ ಸೇಡು ತೀರಿಸಿಕೊಂಡವು.

ಜನವರಿ ೧೩

ಹೊಳೆಯ ದಂಡೆಗೆ ಕಲ್ಲು ಕಟ್ಟುವ ಕೆಲಸ ಶುರುವಾಗಿದೆ. ಮಳೆಗಾಲದಲ್ಲಿ ದಂಡೆ ಕೊಚ್ಚಿಹೋಗಬಾರದು ಎಂದು. ಮೇಲಿನ ಸೇತುವೆಯಿಂದ ಕೆಳಗಿನ ದೋಣಿಕಟ್ಟೆಯವರೆಗೆ ಎಂದು ಮೇಸ್ತ್ರಿ ಹೇಳಿದ. ನನ್ನ ಗಿಡ ಸೇತುವೆಗೇ ಹತ್ತಿರ.

ಅವನು ದೂರದಿಂದ “ಅಕ್ಕಾ, ಅಕ್ಕೋ!” ಎಂದು ಕೂಗಿದಾಗ ನಾನು ತಿರುಗಿ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಕರೆದದ್ದು ನನ್ನನ್ನೇ.

“ನಾನು ಯಾರ ಅಕ್ಕನೂ ಅಲ್ಲ” ಅಂದೆ. ಬೇಕಿರಲಿಲ್ಲ. ಪಾಪದವನು, ಕಲ್ಲು ಉರುಳೀತು ಜೋಪಾನ ಎಂದು ಹೇಳಲು ಕರೆದಿದ್ದನಂತೆ. “ಆಯ್ತು ಮೇಡಂ” ಎಂದು ಹೋದ. ನಾನು ಹುಟ್ಟಿದಂದಿನಿಂದ ತಂಗಿ. ಈ ವಯಸ್ಸಿಗೆ ಬೇರೆ ಏನಾದರೂ ಆಗು ಎಂದರೆ ಎಲ್ಲಿಂದ ಆಗಲಿ?

ಜನವರಿ ೧೭

ಹೂವು ಈಗ ಹುಳುಕಿಲ್ಲದೆ ಅರಳುತ್ತಿದೆ. ಐದು ಮೂಲೆಯ ನೇರಳೆ ನಕ್ಷತ್ರ, ನಡುವೆ ಹಳದಿ ಕೇಸರಗಳು ಒಂದಕ್ಕೊಂದು ಆತು ನಿಂತು ಗೋಪುರದಂತೆ. ತಲೆ ತಗ್ಗಿಸಿ ನೇತಾಡುತ್ತದೆ, ಹಾಗಾಗಿ ನಾನೂ ಮಣೆಯ ಮೇಲೆ ಕೂತು ಕತ್ತು ಸೊಟ್ಟ ಮಾಡಿಕೊಂಡು ಬರೆಯಬೇಕು. ಬಣ್ಣ ಒಂದು ಗಳಿಗೆ ಇದ್ದಂತೆ ಇನ್ನೊಂದು ಗಳಿಗೆಗೆ ಇಲ್ಲ. ಬಿಸಿಲು ಏರಿದ ಹಾಗೆ ನೇರಳೆಯೊಳಗಿನ ಕೆಂಪು ಆವಿಯಾಗಿಬಿಡುತ್ತದೆ.

ಒಂದು ದೊಡ್ಡ ಕರಿದುಂಬಿ ತಲೆ ತಿನ್ನುತ್ತಿದೆ. ಬೆಳಗಿನಿಂದ ಪರದೆಗೆ ಡಿಕ್ಕಿ ಹೊಡೆಯುವುದೇ ಅದರ ಕಸುಬು. ಟೋಪಿ ಬೀಸಿ ಓಡಿಸಿದೆ. ಮತ್ತೆ ಬಂತು. ಮತ್ತೆ ಓಡಿಸಿದೆ. ಈ ಊರಿನಲ್ಲಿ ಎಲ್ಲರಿಗೂ ಒಳಗೆ ಮೂಗು ತೂರಿಸುವ ಚಟ.

ಜನವರಿ ೨೧

ಬರೆದೆ. ಉಂಡೆ. ಮಲಗುತ್ತೇನೆ.

ಜನವರಿ ೨೪

ಸಂಪಾದಕರ ಫೋನು. ಅಕ್ಕನ ಹಳೆಯ ಸ್ನೇಹಿತರು, ಪುಸ್ತಕ ಅಚ್ಚಿಗೆ ಕಳಿಸುವ ಹೊಣೆ ಹೊತ್ತವರು. ಮುನ್ನುಡಿ ಬರೆದು ಮುಗಿಸಿದ್ದೇನೆ, ಕೇಳು ಎಂದು ಓದಿದರು. ಅವರಿಗೆ ಹೊಳೆಬದನೆಯ ಸಾಲು ಹುಚ್ಚು ಹಿಡಿಸಿಬಿಟ್ಟಿದೆ. “ಕಾಯಿಯ ಹಂಗಿಲ್ಲದೆ ಹೂಬಿಟ್ಟ ಈ ಗಿಡದಂತೆಯೇ ಇದರ ಲೇಖಕಿಯೂ, ಸಂಸಾರವಿಲ್ಲ, ಮಕ್ಕಳಿಲ್ಲ, ಅದರ ಆಸೆಯೂ ಇಲ್ಲ.” ಕೊನೆಯ ಸಾಲನ್ನು ತಾವೇ ಮೆಚ್ಚಿ ಎರಡು ಸಲ ಓದಿದರು.

“ಹೇಗಿದೆ ಕಣಮ್ಮ?” ಅಂದರು.

“ಹೂಂ” ಅಂದೆ.

ಫೋನಿಟ್ಟ ಮೇಲೆ ಮೈ ಉರಿಯಿತು. ಅಕ್ಕನಿಗೆ ಆಸೆಯಿರಲಿಲ್ಲ ಎಂದು ಇವರಿಗೆ ಯಾರು ಹೇಳಿದರು? ಅವಳು ಆಸೆಪಟ್ಟಿದ್ದು, ಅದು ಆಗದೆ ಹೋದದ್ದು, ನಾವಿಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಊರುಗೋಲಾಗಿ ಉಳಿದದ್ದು, ಇದೆಲ್ಲ ಮುನ್ನುಡಿಗೆ ಸಿಗುವ ಸರಕಲ್ಲ. ಆದರೆ ಅಷ್ಟನ್ನೂ ಬಾಯಿಬಿಟ್ಟು ಹೇಳುವುದು ನನ್ನ ಕೈಲಾಗಲಿಲ್ಲ. ಅಕ್ಕನಾಗಿದ್ದರೆ ಅವರ ಚಳಿ ಬಿಡಿಸುತ್ತಿದ್ದಳು.

ಜನವರಿ ೩೦

ಇವತ್ತು ಎರಡು ಲೋಟ ಚಹಾ ಮಾಡಿದೆ. ಸುಮ್ಮನೆ, ಕೈ ತನ್ನಷ್ಟಕ್ಕೆ ಮಾಡಿತು. ಎರಡನೆಯದು ಮೇಜಿನ ಮೇಲೆ ಆರುವುದನ್ನು ನೋಡುತ್ತ ಕೂತೆ.

ಅಕ್ಕ ವಾದದಲ್ಲಿ ಸೋಲುವವಳಲ್ಲ. ಅಪರೂಪಕ್ಕೆ ಸೋತಳೆಂದರೆ ಒಪ್ಪಿಕೊಳ್ಳುವವಳಂತೂ ಅಲ್ಲವೇ ಅಲ್ಲ. ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಂದು ಲೋಟ ಚಹಾ ತಂದು, ನಾನು ಬರೆಯುತ್ತಿದ್ದ ಕೈಯ ಪಕ್ಕ, ಬಣ್ಣಕ್ಕೆ ತಾಗದ ಹಾಗೆ ಇಟ್ಟು, ಮಾತಿಲ್ಲದೆ ಹೋಗುತ್ತಿದ್ದಳು. ಅದೇ ಅವಳ ‘ನೀನೇ ಸರಿ’. ಇಡೀ ಜನ್ಮದಲ್ಲಿ ಅಂಥ ಚಹಾ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಕೆಳಗೆ ಹೊಲಿಗೆ ಯಂತ್ರ ಓಡುತ್ತಿದೆ. ಯಾರೋ ನಗುತ್ತಿದ್ದಾರೆ. ನಾನು ಮೆಟ್ಟಿಲ ತನಕ ಹೋದೆ. ಯಾಕೆ ಹೋದೆನೋ, ವಾಪಸು ಬಂದೆ.

ತುಂಬ ಒಂಟಿ ಅನಿಸುತ್ತಿದೆ. ಇಲ್ಲಿ ಬರೆದುಕೊಂಡರೆ ಯಾರಿಗೇನು ನಷ್ಟ.

ಫೆಬ್ರವರಿ ೪

ಪರದೆಯೊಳಗೆ ಅರಳಿದ ಹೂಗಳೆಲ್ಲ ಬಾಡಿ, ತೊಟ್ಟಿನ ಸಮೇತ ಉದುರಿ ನೆಲಕ್ಕೆ ಹಾಸಿವೆ. ಒಂದಾದರೂ ಕಾಯಿ ಕಟ್ಟಲಿಲ್ಲ. ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಚಿತ್ರ ಹೆಚ್ಚುಕಡಿಮೆ ಮುಗಿದಿದೆ. ಕೊಂಬೆ, ಎಲೆ, ಹೂವು, ಸೀಳಿದ ಹೂವು. ಕಾಯಿಗೆಂದು ಬಿಡುವ ಬಲಗಡೆಯ ಮೂಲೆ ಮಾತ್ರ ಖಾಲಿ. ಗಂಟು ಕಟ್ಟಿ ಹೊರಡಬಹುದು. ನೇರಳೆ ಇನ್ನೂ ಹದಕ್ಕೆ ಬಂದಿಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡು ಉಳಿದಿದ್ದೇನೆ. ಇದು ಅಕ್ಕನ ಜೊತೆ ಮಾಡುವ ಕೊನೆಯ ಕೆಲಸ. ಮುಗಿಸಿ ಹೋದರೆ ಆ ಮನೆಯಲ್ಲಿ ಏನಿದೆ?

ಫೆಬ್ರವರಿ ೭

ಕೆಸರಿನಲ್ಲಿ ಜಾರಿ ಬಿದ್ದೆ. ಬಿದ್ದದ್ದು ಆ ದರಿದ್ರ ಕೊಂಬೆಯ ಪಕ್ಕದಲ್ಲೇ, ಮುಖ ನೆಲಕ್ಕೆ. ಕಣ್ಣೆದುರಿಗೆ ಬಾಡಿದ ಎರಡು ಹೂಗಳ ಮುಳ್ಳು ತೊಟ್ಟು ಉಬ್ಬಿಕೊಂಡಿತ್ತು. ಹುಳ ಮೊಟ್ಟೆಯಿಟ್ಟ ಗಂಟು ಇರಬೇಕು. ಬದನೆ ಜಾತಿಯಲ್ಲಿ ಅದು ಮಾಮೂಲು.

ಮೇಸ್ತ್ರಿ ಓಡಿ ಬಂದು ಎಬ್ಬಿಸಿದ. ಅವನ ಜೊತೆ ಕಲ್ಲು ಹೊರುವ ಹೆಂಗಸು ನನ್ನ ಕೈಕಾಲಿಗೆ ನೀರು ಹಾಕಿದಳು. “ಒಬ್ರೇ ಹಿಂಗೆ ಕೆಸರಿಗೆ ಇಳೀಬೇಡಿ ಮೇಡಂ, ಕರೀರಿ ನಮ್ಮನ್ನ” ಅಂದ. ಹೂಂ ಅಂದೆ. ಮೊಣಕೈ ಉರಿಯುತ್ತಿದೆ.

ಫೆಬ್ರವರಿ ೮

ಹುಳದ ಗಂಟಲ್ಲ.

ಬೆಳಗ್ಗೆ ಭೂತಗನ್ನಡಿ ಹಿಡಿದು ನೋಡಿದೆ. ಮುಳ್ಳು ಪುಷ್ಪಪಾತ್ರೆಯನ್ನು, ಅಂದರೆ ಹೂವಿನ ಬುಡದ ಹಸಿರು ಬಟ್ಟಲನ್ನು, ಸೂಜಿಯಿಂದ ಮೆಲ್ಲಗೆ ಸರಿಸಿದರೆ ಒಳಗೆ ಹಸಿರು, ನುಣ್ಣಗೆ, ಗುಂಡಗೆ ಕಾಯಿ. ಮೇಲೆ ಬಿಳಿ ಗೆರೆ. ಎರಡು ಕಾಯಿ. ಮುಳ್ಳಿನ ಹೊದಿಕೆಯೊಳಗೆ ಅಡಗಿರುವುದರಿಂದ ದೂರದಿಂದ ಸತ್ತ ಮೊಗ್ಗಿನ ಹಾಗೆ ಕಾಣುತ್ತದೆ.

ಆ ಕೊಂಬೆಯ ಮುಂದೆ ಮಣೆ ಹಾಕಿ ಕೂತೆ. ಕರಿದುಂಬಿ ಬಂತು. ಇವತ್ತು ಓಡಿಸಲಿಲ್ಲ. ಅದು ನೇತಾಡುವ ಹೂವಿಗೆ ಕೆಳಗಿನಿಂದ ಜೋತುಬಿದ್ದು, ಹಳದಿ ಗೋಪುರವನ್ನು ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆ ಆಡಿಸದೆ ಮೈಯನ್ನಷ್ಟೇ ನಡುಗಿಸಿತು. ಝೇಂಕಾರ ಬದಲಾಯಿತು, ಕೆಳಗಿನ ಹೊಲಿಗೆ ಯಂತ್ರ ದಪ್ಪ ಬಟ್ಟೆಗೆ ಬಂದಾಗ ಆಗುವ ಹಾಗೆ. ಕೇಸರದ ತುದಿಯ ಸಣ್ಣ ತೂತಿನಿಂದ ಪರಾಗ ಉಪ್ಪಿನ ಡಬ್ಬಿ ಅಲ್ಲಾಡಿಸಿದಂತೆ ಉದುರಿತು. ಗಾಳಿಗೆ ಉದುರದು, ಜೀರುಂಡೆಗೆ ಉದುರದು. ಹೀಗೆ ಯಾರಾದರೂ ಬಂದು ಹಿಡಿದು ಅಲ್ಲಾಡಿಸಿದರೆ ಮಾತ್ರ.

ಆಮೇಲೆ ನಾನು ಪರದೆಯ ಕಡೆ ನೋಡಿದೆ.

ಅಕ್ಕಾ! ನೀನೂ ಚೀಲ ಕಟ್ಟಿದ್ದೆ! ಎರಡು ಚಳಿಗಾಲ ಚೀಲ ಕಟ್ಟಿ, ಅದರೊಳಗೆ ಕಾಯಿ ಹುಡುಕಿ, ಇಲ್ಲ ಎಂದು ಬರೆದೆಯಲ್ಲೇ! ನೀನು ತಪ್ಪು! ಮೊದಲ ಸಲ, ರುಜುವಾತಿನ ಸಮೇತ, ನೀನು ತಪ್ಪು!

ದಂಡೆಯಿಂದ ಕೋಣೆಗೆ ಓಡಿಕೊಂಡೇ ಬಂದೆ. ಮೆಟ್ಟಿಲು ಹತ್ತಿ ಬಾಗಿಲು ತಳ್ಳಿ, ಬಾಯಿ ತೆರೆದು ನಿಂತೆ. ಯಾರಿಗೆ ಹೇಳುವುದು?

ಕೆಳಗಿಳಿದು ಮನೆಯೊಡತಿಗೆ ಹೇಳಿದೆ. ಅವಳು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು, ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಅಂಗಿಗೆ ಮಡಿಕೆ ಹಿಡಿಯುತ್ತಿದ್ದಳು. ಅವಳ ಬಾಯಿ ಸುಮ್ಮನಿರುವುದು ಪಿನ್ನು ಇದ್ದಾಗ ಮಾತ್ರ. ಪೂರ್ತಿ ಕೇಳಿ, ಪಿನ್ನು ಒಂದೊಂದಾಗಿ ತೆಗೆದು, “ಅಂದ್ರೆ ನನ್ನ ಪರದೆ ವಾಪಸ್ ಬರುತ್ತೆ ಅನ್ನಿ” ಅಂದಳು. ನಾನು ನಕ್ಕುಬಿಟ್ಟೆ. ನನ್ನ ನಗು ನನಗೇ ಹೊಸದಾಗಿ ಕೇಳಿತು.

ಫೆಬ್ರವರಿ ೯

ನಿನ್ನೆಯ ಖುಷಿ ಇವತ್ತಿಲ್ಲ.

ಯಾರಿಗೂ ಹೇಳದಿದ್ದರೆ ಏನಾಗುತ್ತದೆ? ಇನ್ನೊಂದು ತಿಂಗಳಿಗೆ ಇಲ್ಲಿ ಕಲ್ಲು ಬೀಳುತ್ತದೆ. ಪೊದೆಯೂ ಇಲ್ಲ, ಕಾಯಿಯೂ ಇಲ್ಲ. ಅಕ್ಕನ ಸಾಲು ಅಚ್ಚಾಗಿ ಹಾಗೇ ನಿಲ್ಲುತ್ತದೆ. ಅವಳನ್ನು ತಪ್ಪೆನ್ನುವವರು ಯಾರೂ ಇರುವುದಿಲ್ಲ. ಸತ್ತವಳು ತನ್ನ ಪರ ವಾದಿಸಲು ಬರುವುದಿಲ್ಲ. ಅಂಥವಳನ್ನು ಅವಳದೇ ಕೊನೆಯ ಪುಸ್ತಕದಲ್ಲಿ, ಅವಳದೇ ತಂಗಿ ತಿದ್ದುವುದೇ?

ಆದರೆ ಖಾಲಿ ಮೂಲೆ. ಅಲ್ಲಿ ಕಾಯಿ ಇದೆ ಎಂದು ಗೊತ್ತಿದ್ದೂ ಖಾಲಿ ಬಿಟ್ಟರೆ, ಅದೂ ನೋಡದ್ದನ್ನು ಬರೆದ ಹಾಗೇ ಅಲ್ಲವೇ?

ಹಣ್ಣಾಗುವ ತನಕ ಏನೂ ತೀರ್ಮಾನಿಸುವುದಿಲ್ಲ. ಹಣ್ಣಾಗಿ, ಕೊಯ್ದು, ಒಳಗೆ ಬಲಿತ ಬೀಜ ಕಂಡರೆ ಮಾತ್ರ ಕಾಯಿ ಎನ್ನಬಹುದು. ಪೊಳ್ಳಾಗಿದ್ದರೆ ಅಕ್ಕನೇ ಗೆದ್ದಳು. ಪೊಳ್ಳಾಗಿರಲಿ ಎಂದು ಅರ್ಧ ಮನಸ್ಸು.

ಫೆಬ್ರವರಿ ೧೨

ಕಲ್ಲಿನ ಕೆಲಸ ನಾನು ಅಂದುಕೊಂಡದ್ದಕ್ಕಿಂತ ವೇಗ. ಸೇತುವೆಯ ಕಡೆಯಿಂದ ಇತ್ತ ಸಾಗಿ ಬರುತ್ತಿದೆ. ಹೀಗೇ ಹೋದರೆ ಮುಂದಿನ ವಾರ ಪೊದೆ ಕಲ್ಲಿನಡಿ. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡು ಬೆಳಗ್ಗೆ ಮೇಸ್ತ್ರಿಯ ಬಳಿ ಹೋದೆ. ಅಲ್ಲಿ ಹೋದ ಮೇಲೆ ಜೋಡಿಸಿದ್ದೆಲ್ಲ ಮರೆತು, ಕೈಹಿಡಿದು ಎಳೆದುಕೊಂಡು ಬಂದಂತೆ ಅವನನ್ನು ಕೊಂಬೆಯ ಮುಂದೆ ನಿಲ್ಲಿಸಿ, ಮುಳ್ಳು ಸರಿಸಿ, ಕಾಯಿ ತೋರಿಸಿದೆ.

“ಇಷ್ಟಕ್ಕಾ?” ಅಂದ.

“ಇಷ್ಟಕ್ಕೇ. ಇದು ಹಣ್ಣಾಗೋವರೆಗೆ ಈ ಜಾಗ ಬಿಟ್ಟುಕೊಡು.”

“ನಿಲ್ಸೋಕೆ ನನ್ ಕೈಲಿ ಆಗಲ್ಲ ಮೇಡಂ. ಮೇಲಿನವರು ನನ್ನ ತಲೆ ತೆಗೀತಾರೆ.”

“ನಿಲ್ಸು ಅಂತ ಯಾರಪ್ಪ ಹೇಳಿದ್ರು? ದೋಣಿಕಟ್ಟೆ ಕಡೆಯಿಂದ ಶುರು ಮಾಡು. ಎರಡು ಕಡೆಯಿಂದ ಬಂದ್ರೂ ದಂಡೆ ಅದೇ ತಾನೆ? ಈ ತುಂಡು ಕೊನೇಗೆ ಸಿಗಲಿ.”

ತಲೆ ಕೆರೆದುಕೊಂಡ. ಲಾರಿ ತಿರುಗಿಸಬೇಕು, ಕಲ್ಲು ಆ ಕಡೆ ಸುರಿಸಬೇಕು ಎಂದೆಲ್ಲ ಗೊಣಗಿದ. ನಾನು ಜಗ್ಗಲಿಲ್ಲ. ಲಾರಿಯವನ ಜೊತೆಯೂ ನಾನೇ ಮಾತಾಡಿದೆ. ಅವನು ದನಿ ಏರಿಸಿದ, ನಾನೂ ಏರಿಸಿದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ದೋಣಿಕಟ್ಟೆಯ ಕಡೆ ಹೋಯಿತು. ಗಂಟಲು ಬಿದ್ದುಹೋಗಿದೆ. ಬಿಸಿನೀರು ಕುಡಿದು ಮಲಗುತ್ತೇನೆ.

ಫೆಬ್ರವರಿ ೨೦

ಪರದೆ ಬಿಚ್ಚಿ ತೊಳೆದು ಕೊಟ್ಟೆ. ಮನೆಯೊಡತಿ, ಈಗ ನನ್ನ ಬಾಯಲ್ಲೂ ಹೊಲಿಗೆಯಕ್ಕ, ಅದನ್ನು ಮತ್ತೆ ಜೋಡಿಸಿದಳು. ಹೊಲಿಗೆ ಎಲ್ಲಿದೆ ಎಂದು ಹುಡುಕಿ ನೋಡಿದರೂ ಕಾಣುವುದಿಲ್ಲ. ಕಣ್ಣಿಗೆ ಕಾಣದ ಹಾಗೆ ಹೊಲಿಯುವುದು ಹೇಗೆ ಎಂದು ಕೇಳಿದ್ದೇ ತಪ್ಪಾಯಿತು, ಊಟದ ಹೊತ್ತು ಮೀರುವ ತನಕ ಹೇಳಿದಳು. ಅವಳ ಮಗಳ ಅತ್ತೆ ನಿಜವಾಗಿಯೂ ಕಷ್ಟದ ಹೆಂಗಸು. ಇವಳು ಹೇಗೆ ಸುಮ್ಮನಿದ್ದಾಳೋ. ಒಂದು ಕಾಗದ ಬರೆದು ಹಾಕು, ನಾನೇ ಹೇಳಿಕೊಡುತ್ತೇನೆ ಅಂದೆ.

ಪರದೆ ಇಲ್ಲದ ಪೊದೆಯ ತುಂಬ ದುಂಬಿ. ಎಲೆಗಳು ಜರಡಿಯಾಗಿವೆ. ನೋಡಲು ಕೆಟ್ಟದಾಗಿದೆ, ಆದರೂ ಅಲ್ಲೇ ಕೂತಿರುತ್ತೇನೆ.

ಫೆಬ್ರವರಿ ೨೬

ಮಧ್ಯಾಹ್ನದ ಊಟ ಈಗ ಕಲ್ಲಿನವರ ಜೊತೆ. ಅವರು ನನ್ನ ಗಿಡಕ್ಕೆ ‘ಬಸುರಿ’ ಎಂದು ಹೆಸರಿಟ್ಟಿದ್ದಾರೆ. ಬೆಳಗ್ಗೆ ಬಂದಕೂಡಲೇ “ಬಸುರಿ ಹೇಗಿದ್ದಾಳೆ?” ಎಂದು ಕೇಳುತ್ತಾರೆ. ಇದನ್ನು ಕೇಳಿದ್ದರೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸಂಪಾದಕರ ಮುನ್ನುಡಿ ನೆನಪಾಗಿ ನಾನೊಬ್ಬಳೇ ಇನ್ನೂ ಜಾಸ್ತಿ ನಕ್ಕೆ.

ಮಾರ್ಚ್ ೨

ಒಂದು ಕಾಯಿ ಇಲ್ಲ. ಹಕ್ಕಿಯೋ ಇಲಿಯೋ. ತೊಟ್ಟು ಮಾತ್ರ ಉಳಿದಿದೆ.

ಇನ್ನೊಂದಕ್ಕೆ ಪರದೆ ಕಟ್ಟಲೇ ಎಂದು ಕೈ ಹೋಯಿತು. ಕಟ್ಟಿದರೂ ಈಗ ತೊಂದರೆಯಿಲ್ಲ, ಕಾಯಿ ಬಲಿತಾಗಿದೆ. ಆದರೂ ಮನಸ್ಸಾಗಲಿಲ್ಲ. ದಿನವಿಡೀ ಕಾವಲು ಕೂತೆ. ನಾನು ಎದ್ದು ಹೋದಾಗ ಕಲ್ಲಿನ ಕಡೆಯ ಹೆಂಗಸು ಕೂತಳು, ಆಮೇಲೆ ಹೊಲಿಗೆಯಕ್ಕ ಅಂಗಿಯ ಗುಂಡಿ ಹೊಲಿಯುತ್ತ ಕೂತಳು.

ಮಾರ್ಚ್ ೮

ಕಾಯಿ ಹಳದಿಗೆ ತಿರುಗುತ್ತಿದೆ. ಮುಳ್ಳಿನ ಹೊದಿಕೆ ತಾನೇ ಬಿರಿದು ಹಿಂದಕ್ಕೆ ಸರಿದಿದೆ. ಕಲ್ಲು ಈಗ ಕೂಗಳತೆಯಲ್ಲಿದೆ.

ಮಾರ್ಚ್ ೧೦

ಹಣ್ಣಾಯಿತು. ಬೆರಳು ತಾಗಿಸಿದ್ದೇ ತಡ, ಅಂಗೈಗೆ ಬಿತ್ತು.

ಮೇಜಿನ ಮೇಲಿಟ್ಟು ಮೊದಲು ಹೊರಗಿನಿಂದ ಬರೆದೆ. ಈ ಹಳದಿ ಒಂದೇ ಸಲಕ್ಕೆ ಸಿಕ್ಕಿತು, ನೇರಳೆಯ ಹಾಗೆ ಆಟ ಆಡಿಸಲಿಲ್ಲ. ಆಮೇಲೆ ಬ್ಲೇಡು ಹಿಡಿದು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಒಳಗೆ ಪೊಳ್ಳಿದ್ದರೆ ಅಕ್ಕ ಹೇಳಿದ್ದೇ ಸರಿ. ಕೊಯ್ಯದೆ ಇದ್ದರೂ ಅಕ್ಕ ಹೇಳಿದ್ದೇ ಸರಿ.

ಕೊಯ್ದೆ. ತುಂಬ ಬೀಜ. ಚಪ್ಪಟೆ, ಕಂದು, ಬಲಿತ ಬೀಜಗಳು ಲೋಳೆಯಲ್ಲಿ ಒತ್ತೊತ್ತಾಗಿ ಕೂತಿದ್ದವು.

ಅಡ್ಡ ಸೀಳಿದ್ದನ್ನು ಬರೆದೆ, ಒಂದು ಬೀಜವನ್ನು ದೊಡ್ಡದು ಮಾಡಿ ಬರೆದೆ. ಬಲಗಡೆಯ ಮೂಲೆ ತುಂಬಿತು. ಬೀಜಗಳನ್ನು ತೊಳೆದು ಒಣಗಲು ಹಾಕಿದ್ದೇನೆ. ಒಂದು ಪಾಲು ಅಕ್ಕನ ಒಣಗಿಡಗಳ ಸಂಗ್ರಹಕ್ಕೆ, ಒಂದು ಪಾಲು ಸೇತುವೆಯ ಮೇಲ್ಗಡೆ, ಕಲ್ಲು ಕಟ್ಟದ ಕೆಸರಿಗೆ, ಒಂದು ಪಾಲು ಹೊಲಿಗೆಯಕ್ಕನ ಹಿತ್ತಲಿನ ಹಳೆಯ ಪೇಂಟ್ ಡಬ್ಬಕ್ಕೆ. ಡಬ್ಬ ಅವಳೇ ಕೊಟ್ಟಳು, ಎರಡು ತಿಂಗಳ ಹಿಂದೆ ಯಾಕೆ ಬಾಗಿಲು ತಟ್ಟಬೇಡಿ ಅಂದ್ರಿ ಎಂಬ ಪ್ರಶ್ನೆಯ ಸಮೇತ. ಹಾಗೆ ಅಂದಿದ್ದೆನೇ? ಅಂದಿರಬಹುದು.

ಮಾರ್ಚ್ ೧೧

ಬೆಳಗ್ಗೆ ಮೇಸ್ತ್ರಿ ದಂಡೆಯಿಂದ ಕೂಗಿದ: “ಅಕ್ಕಾ, ಈ ತುಂಡು ಇವತ್ತು ಹಾಕ್ಲಾ?”

“ಬೇರಿನ ಒಂದು ಹೆಂಟೆ ಎತ್ತಿಕೊಡಪ್ಪ, ಆಮೇಲೆ ಹಾಕು” ಅಂದೆ. ಹಾರೆ ಹಾಕಿ ಎತ್ತಿಕೊಟ್ಟ. ಅದೂ ಡಬ್ಬಕ್ಕೆ ಹೋಯಿತು. ಉಳಿದ ಪೊದೆಯ ಮೇಲೆ ಕಲ್ಲು ಬೀಳುವುದನ್ನು ನಿಂತು ನೋಡಿದೆ. ಕಲ್ಲಿನ ಕಡೆಯ ಹೆಂಗಸು ಸುಮ್ಮನೆ ಬಂದು ಪಕ್ಕದಲ್ಲಿ ನಿಂತಳು.

ಮಧ್ಯಾಹ್ನ ಸಂಪಾದಕರಿಗೆ ಫೋನು ಮಾಡಿದೆ.

“ಕಾಯಿ ಕಟ್ಟುತ್ತೆ. ಆ ಸಾಲು ತೆಗೀಬೇಕು” ಅಂದೆ.

“ಏನಮ್ಮ ಇದು, ನಿಮ್ಮಕ್ಕ ತಪ್ಪು ಅಂತಿದ್ದೀಯಾ?”

“ತಪ್ಪು. ಚೀಲ ಕಟ್ಟಿ ನೋಡಿದ್ದಾಳೆ. ಚೀಲದೊಳಗೆ ದುಂಬಿ ಹೋಗಲ್ಲ, ಕಾಯಿ ಆಗಲ್ಲ. ನಾನು ಹಣ್ಣು ಕೊಯ್ದು ಬೀಜ ನೋಡಿದ್ದೀನಿ.”

“ಹೋದವಳ ಮಾತು ಕಣಮ್ಮ. ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?”

“ಅವಳಿಗೆ ಗೊತ್ತಾಗ್ತಿತ್ತು. ಗೊತ್ತಾದ ಕೂಡಲೇ ಅವಳೇ ಹೊಡೆದು ಹಾಕ್ತಿದ್ಲು. ಅವಳು ಒಪ್ಪಿಕೊಳ್ಳೋಳಲ್ಲ, ಆದ್ರೆ ಸುಳ್ಳು ಬಿಡೋಳೂ ಅಲ್ಲ.”

ಅವರು ಉಸಿರೆಳೆದುಕೊಂಡರು. “ನನ್ನ ಮುನ್ನುಡಿ ಇಡೀ ಬಿದ್ದುಹೋಗುತ್ತಲ್ಲ!”

“ಬೀಳಲಿ. ಬೇರೆ ಬರೀರಿ. ಅವಳಿಗೆ ಆಸೆ ಇರ್ಲಿಲ್ಲ ಅಂತ ಬರೀಬೇಡಿ. ಇತ್ತು. ಎಲ್ಲರಿಗೂ ಇರುವಷ್ಟೇ ಇತ್ತು.”

ಅವರು ಮೆತ್ತಗೆ, “ಥೇಟ್ ನಿಮ್ಮಕ್ಕನ ಹಾಗೇ ಗದರಿಸ್ತೀಯಲ್ಲೇ” ಅಂದರು. “ಸರಿ, ಹೇಳು, ಏನಂತ ಹಾಕಲಿ?”

ಬರೆಸಿದೆ: “ಕಾಯಿ ಗುಂಡಗೆ, ಮುಳ್ಳಿನ ಹೊದಿಕೆಯೊಳಗೆ, ಮಾರ್ಚಿನಲ್ಲಿ ಹಳದಿಯಾಗಿ ಹಣ್ಣಾಗುತ್ತದೆ, ಬೀಜ ಹಲವು.”

“ನೋಡಿದವರು ಯಾರು ಅಂತ ಹಾಕ್ಬೇಕಲ್ಲ?”

“ಲೇಖಕಿಯ ತಂಗಿ ಅಂತ ಹಾಕಿ” ಅಂದೆ.

ಮಾರ್ಚ್ ೧೨

ಬೆಳಗ್ಗೆ ಚಿತ್ರಕ್ಕೆ ಕೊನೆಯ ಕೈ ಹಚ್ಚಲು ಕೂತೆ. ಹಣ್ಣಿನ ನೆರಳಿನ ಬದಿಗೆ ಸ್ವಲ್ಪ ಹಸಿರು ಬೇಕಿತ್ತು. ಬಾಗಿಲು ತೆರೆದೇ ಇತ್ತು. ಈಚೆಗೆ ಹಾಕುವುದು ಮರೆತುಹೋಗುತ್ತದೆ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ಕೇಳಿದರೂ ತಿರುಗಲಿಲ್ಲ, ಕುಂಚ ಒದ್ದೆಯಿತ್ತು.

ನನ್ನ ಬಲಗೈಯ ಪಕ್ಕ, ಬಣ್ಣಕ್ಕೆ ತಾಗದ ಹಾಗೆ, ಒಂದು ಲೋಟ ಚಹಾ ಬಂದು ಕೂತಿತು. ಮಾತಿಲ್ಲ. ಹೆಜ್ಜೆಗಳು ಹಿಂದಕ್ಕೆ ಹೋದವು.

ಕುಂಚ ಕೆಳಗಿಟ್ಟೆ. ಆಮೇಲೆ ಅತ್ತೆ. ಮೇ ತಿಂಗಳಿಂದ ಅತ್ತಿರಲಿಲ್ಲ. ಅಂತ್ಯಸಂಸ್ಕಾರದ ದಿನವೂ ಇಲ್ಲ, ಅವಳ ಬಟ್ಟೆ ಮಡಿಚಿಟ್ಟ ದಿನವೂ ಇಲ್ಲ. ಚಿತ್ರವನ್ನು ದೂರ ತಳ್ಳಿ, ಅದರ ಮೇಲೆ ಹನಿ ಬೀಳದ ಹಾಗೆ ತಿರುಗಿ ಕೂತು, ಸದ್ದು ಮಾಡಿಕೊಂಡೇ ಅತ್ತೆ.

ಬಾಗಿಲಲ್ಲಿ ಹೊಲಿಗೆಯಕ್ಕ ಗಾಬರಿಯಿಂದ ನಿಂತಿದ್ದಳು. ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು. ಒಂದೊಂದಾಗಿ ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು.

“ಯಾಕ್ರೀ? ಸಕ್ಕರೆ ಕಮ್ಮಿ ಆಯ್ತಾ?”

ಒಂದು ಗುಟುಕು ಕುಡಿದು ನೋಡಿದೆ.

“ಇಲ್ಲ ಕಣೇ” ಅಂದೆ. “ಸರಿಯಾಗಿದೆ.”